ಮೂಲೆಯ ಉಂಗುರಕ್ಕೊಂದು ಬಾಗಿಲು

ಇದನ್ನು ನಡೆದ ಕಥೆ ಎಂದರೆ ಅರ್ಧ ಸುಳ್ಳಾದೀತು. ಇದು ಮೂವತ್ತಾರು ವರ್ಷ ಎಲ್ಲಿಗೂ ನಡೆಯದೆ ಟೀವಿ ತೆರೆಯ ಬಲಮೂಲೆಯಲ್ಲಿ ನಿಂತೇ ಇದ್ದ ಕಥೆ. ಆದರೆ ನಿಜ. ಸಂಶಯವಿದ್ದವರು ಅವತ್ತು ಬೆಳಗಿನ ಏಳೂವರೆಗೆ ಬಚ್ಚಲುಮನೆಯಲ್ಲಿ ನಿಂತು ಬಲಗೈ ಹೆಬ್ಬೆರಳಿಗೆ ಮೂರನೆಯ ಸಲ ಸೋಪು ಹಚ್ಚುತ್ತಿದ್ದ ಮೂಲೆ ಅಕ್ಕನನ್ನೇ ಕೇಳಬಹುದಿತ್ತು. ಕೇಳಿದ್ದರೆ ಅವಳು ನಕ್ಕು ಮಾತು ತೇಲಿಸಿಬಿಡುತ್ತಿದ್ದಳು, ಅದು ಬೇರೆ. ಬೆರಳಿಗೆ ಏನೂ ಅಂಟಿರಲಿಲ್ಲ. ಐವತ್ತೇಳು ವರ್ಷದ ಬೆರಳು, ಕುಂಚ ಹಿಡಿದೂ ಹಿಡಿದೂ ಗಿಣ್ಣಿನ ಪಕ್ಕ ಎದ್ದ ಒಂದು ಸಣ್ಣ ಗಂಟು, ಅಷ್ಟೇ. ಮೂಲೆ ಅಕ್ಕ ಎನ್ನುವುದು ಕಚೇರಿಯವರು ಕರೆಯುವ ಹೆಸರು. ಚಾನೆಲ್ಲಿನ ಗುರುತು ಕೂರುವುದು ತೆರೆಯ ಮೂಲೆಯಲ್ಲಿ, ಆ ಗುರುತನ್ನು ನೋಡಿಕೊಳ್ಳುವ ವಿಭಾಗ ಕೂರುವುದು ಮೂರನೆಯ ಮಹಡಿಯ ಮೂಲೆಯಲ್ಲಿ, ಪ್ರಿಂಟರಿಗೂ ಕೈತೊಳೆಯುವ ಬೇಸಿನ್ನಿಗೂ ನಡುವೆ. ಹಾಗಾಗಿ ವಿಭಾಗಕ್ಕೆ ಮೂಲೆಗುಂಪು ಎಂದು ಹೆಸರು. ಆ ಹೆಸರಿಟ್ಟದ್ದು ಅವಳೇ. ನಮ್ಮನ್ನು ಆಡಿಕೊಳ್ಳುವ ಮಾತನ್ನು ಬೇರೆಯವರಿಗಿಂತ ಮೊದಲು ನಾವೇ ಆಡಿಬಿಟ್ಟರೆ ನೋಯುವುದಿಲ್ಲ ಎಂದು ಅವಳಿಗೆ ಕಲಿಸಿದವರು, ಚಾನೆಲ್ಲಿಗೆ ಮೊದಲ ಗುರುತು ಬರೆದ ಬೋರ್ಡು ಮೇಷ್ಟ್ರು. ಅವರು ಕಲಿಸಿದ್ದನ್ನೆಲ್ಲ ಅವಳು ಪಾಲಿಸಿದ್ದಳು, ಒಂದನ್ನು ಬಿಟ್ಟು. ಆ ಒಂದು ಮಾತನ್ನು ಇಷ್ಟು ವರ್ಷವಾದರೂ ಯಾರೂ ಆಡಿರಲಿಲ್ಲ, ಅವಳೂ ಆಡಿರಲಿಲ್ಲ. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಹೊಸ ಲೋಗೋ ಬರುತ್ತದೆ. ಅದಕ್ಕೆ ಮೊದಲು ಅವಳು ಐದು ನಿಮಿಷ ಮಾತನಾಡಬೇಕು. ಮೊದಲ ಸಾಲಿನಲ್ಲಿ ಮೇಷ್ಟ್ರು ಕೂತಿರುತ್ತಾರೆ. ಅವರಿಗೀಗ ಎಂಬತ್ತನಾಲ್ಕು. ಇವತ್ತು ಹೇಳದಿದ್ದರೆ ಇನ್ನು ಹೇಳುವುದಿಲ್ಲ.

ಲೋಗೋದೋಳು ಹೋಗೋದಿಲ್ವಾ ಇವತ್ತು, ಎಂದು ಹೊರಗಿನಿಂದ ಮನೆಯವರು ಬಾಗಿಲು ತಟ್ಟಿದರು. ಅಚ್ಚುಮನೆಯಲ್ಲಿ ಮೂವತ್ತು ವರ್ಷ ಕರಡು ತಿದ್ದಿ ನಿವೃತ್ತರಾದ ಮನುಷ್ಯ. ಔಷಧಿ ಚೀಟಿಯಲ್ಲೂ ಅಕ್ಷರದೋಷ ಹುಡುಕಿ ಡಾಕ್ಟರಿಗೆ ವಾಪಸು ಕೊಡುವವರು. ಮದುವೆಯಾದ ಹೊಸತರಲ್ಲಿ ಅವಳ ಚಾನೆಲ್ಲಿನ ಗುರುತನ್ನು ಮೊದಲ ಸಲ ನೋಡಿದಾಗ ಕನ್ನಡಕ ಹಣೆಗೇರಿಸಿ ತೆರೆಗೆ ಮೂಗು ತಾಗಿಸಿದ್ದರು. ಒಂದು ಬಿಳಿ ಉಂಗುರ, ನಡುವೆ ಒಂದು ಚುಕ್ಕಿ. ಉಂಗುರ ಪೂರ್ತಿಯಲ್ಲ, ಗಡಿಯಾರದಲ್ಲಿ ಐದು ಇರುವ ಕಡೆ ಹೆಬ್ಬೆರಳಿನಗಲ ಖಾಲಿ. ಇಲ್ಲಿ ಒಂಚೂರು ಬಿಟ್ಟುಹೋಗಿದೆ, ಮುದ್ರಣದೋಷ ಇರಬೇಕು ಎಂದಿದ್ದರು. ಅಲ್ಲ, ಅದು ಬಾಗಿಲು ಎಂದು ಅವಳು ಹೇಳಿದ್ದಳು. ಓಹೋ, ಎಂದು ಅವರು ನಂಬಿಯೇಬಿಟ್ಟರು. ತಪ್ಪು ಹಿಡಿಯುವುದೇ ಕಸುಬಾದ ಗಂಡನ ಪಕ್ಕದಲ್ಲಿ ಒಂದು ತಪ್ಪನ್ನು ದಿಂಬಿನ ಕೆಳಗಿಟ್ಟುಕೊಂಡು ಮೂವತ್ತೊಂದು ವರ್ಷ ಸಂಸಾರ ಮಾಡಿದ್ದೇನಲ್ಲ ಎಂದು ಅವಳಿಗೆ ನಗು ಬಂತು, ನಗು ಗಂಟಲ ತನಕ ಬಂದು ಅಲ್ಲೇ ಕೂತಿತು. ನಲ್ಲಿ ನಿಲ್ಲಿಸಿ ಹೊರಬಂದಳು.

ದಾರಿಯುದ್ದಕ್ಕೂ ಉಂಗುರಗಳು. ಬಸ್ಸಿನ ಬೆನ್ನ ಮೇಲೆ ಒಂದು, ಮೇಲುಸೇತುವೆಯ ಕಂಬಕ್ಕೆ ಒಂದು, ಕ್ಷೌರದಂಗಡಿಯ ಟೀವಿಯಲ್ಲಿ ಒಂದು. ಎಲ್ಲಕ್ಕೂ ಐದರ ಕಡೆ ಬಾಯಿ ತೆರೆದಿತ್ತು. ತೆರೆಯ ಮೇಲೆ ಇರುವುದು ತೆರೆದಿರಬೇಕಲ್ಲವೇ ಎಂದು ಮೇಷ್ಟ್ರು ಪದ ಹಿಡಿದು ತಿರುಚುತ್ತಿದ್ದರು. ಕ್ಷೌರದಂಗಡಿಯ ಹಳೆಯ ಡಬ್ಬಿ ಟೀವಿಯೊಂದರಲ್ಲಿ ಒಂದು ಕಾಲಕ್ಕೆ ಈ ಉಂಗುರ ಸುಟ್ಟು ಕೂತಿತ್ತು, ನಿಜವಾಗಿಯೂ ಸುಟ್ಟು. ಅದು ಚಿನ್ನದ ಬಣ್ಣದ ಉಂಗುರದ ಕಾಲ, ಗಿರಗಿರ ತಿರುಗಿ ಮಿಂಚು ಹಾರಿಸಿ ಮೂಲೆಗೆ ಬಂದು ಕೂತರೆ ಹಗಲೂ ರಾತ್ರಿಯೂ ಅಷ್ಟೇ ಪ್ರಖರ. ದಿನಕ್ಕೆ ಹದಿನಾಲ್ಕು ಗಂಟೆ ಒಂದೇ ಚಾನೆಲ್ಲು ಹಾಕಿದವರ ಟೀವಿ ಗಾಜಿನಲ್ಲಿ ಅದರ ಅಚ್ಚು ಉಳಿದು, ಎದುರಾಳಿ ಚಾನೆಲ್ಲು ಹಾಕಿದರೂ ಮೂಲೆಯಲ್ಲಿ ಇವರ ಉಂಗುರದ ನೆರಳು ಕಾಣುತ್ತಿತ್ತು. ಎದುರಾಳಿಗಳು ವಕೀಲರಿಂದ ಪತ್ರ ಬರೆಸಿದರು. ಆಮೇಲೆ ಉಂಗುರವನ್ನು ಅರೆಪಾರದರ್ಶಕ ಮಾಡಿದರು. ಮಾಡಿದವಳು ಅವಳೇ, ಮಾಡುವಾಗ ಬಾಗಿಲಿನ ಅಂಚು ಮಸುಕಾಗದಂತೆ ಮೂರು ವಾರ ಕಣ್ಣಿಟ್ಟು ಕೂತಿದ್ದಳು. ಅದಕ್ಕೂ ಹಿಂದೆ, ಮೂಲೆಗೆ ಗುರುತು ಬಂದ ಮೊದಲ ತಿಂಗಳಲ್ಲಿ, ಒಬ್ಬ ಅಜ್ಜಿ ಫೋನು ಮಾಡಿದ್ದರು: ನಮ್ಮ ಟೀವಿಗೆ ಏನೋ ಅಂಟಿಕೊಂಡಿದೆಯಮ್ಮ, ದಿನಾ ಒದ್ದೆ ಬಟ್ಟೇಲಿ ಒರೆಸ್ತೀನಿ, ಒಂದು ಕಡೆ ಮಾತ್ರ ಚೂರು ಹೋಗಿದೆ. ಆ ಫೋನು ಎತ್ತಿಕೊಂಡವಳೂ ಅವಳೇ. ಅಜ್ಜಿ, ಅದನ್ನ ಒರೆಸಿದ್ದು ನೀವಲ್ಲ ನಾನು, ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದ್ದಳು. ಊರವರೆಲ್ಲ ನೋಡುವಂತೆ ಒಂದು ತಪ್ಪು ಮಾಡಿ, ಊರವರೆಲ್ಲ ಅದನ್ನು ಚೆಂದ ಎನ್ನುವುದನ್ನು ಕೇಳುತ್ತ ಬದುಕುವುದು ಶಿಕ್ಷೆಯೋ ಉಪಕಾರವೋ ಅವಳಿಗೆ ಇವತ್ತಿಗೂ ತೀರ್ಮಾನವಾಗಿರಲಿಲ್ಲ. ಅನ್ನ ಕೊಟ್ಟದ್ದಂತೂ ಅದೇ. ಮಗಳನ್ನು ಓದಿಸಿದ್ದು ಅದೇ. ಮೂವತ್ತಾರು ವರ್ಷ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಕೊಟ್ಟದ್ದು ಆ ಹೆಬ್ಬೆರಳಿನಗಲದ ಖಾಲಿ ಜಾಗ.

ಮೂವತ್ತಾರು ವರ್ಷದ ಹಿಂದೆ, ಅವತ್ತು ಚಾನೆಲ್ಲು ಹುಟ್ಟುವ ದಿನ, ಅವಳ ಕೆಲಸದ ಮೊದಲ ದಿನವೂ ಅದೇ. ಸಂಜೆ ಆರಕ್ಕೆ ಮೊದಲ ಪ್ರಸಾರ. ಐದು ಗಂಟೆಗೆ ಕಲಾಶಾಲೆಯ ಸರ್ಟಿಫಿಕೇಟು ಎದೆಗವಚಿಕೊಂಡು ಅವಳು ಸಾಮಾನು ಕೋಣೆಯ ಬಾಗಿಲಲ್ಲಿ ನಿಂತಾಗ ಗೋಂದಿನ ವಾಸನೆಯ ನಡುವೆ ಒಬ್ಬರು ಕಪ್ಪು ರಟ್ಟಿನ ಮೇಲೆ ಬಿಳಿ ಉಂಗುರ ಎಳೆಯುತ್ತಿದ್ದರು. ಅವರೇ ಬೋರ್ಡು ಮೇಷ್ಟ್ರು; ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರನ್ನು ಚಾನೆಲ್ಲಿನವರು ಹಿಡಿದು ತಂದಿದ್ದರು. ತಲೆಯೆತ್ತಿ, ಯಾರಮ್ಮ, ಹೊಸಬಳಾ, ಎಂದವರೇ ಕುಂಚ ಕೆಳಗಿಟ್ಟರು. ಹೊಸಬರಿಗೆ ಮೊದಲ ಚಹಾ ನನ್ನ ಕೈಯಿಂದಲೇ ಎಂದು ಹೇಳಿ, ಅವಳಿಗೆ ಬೆನ್ನು ಹಾಕಿ, ಫ್ಲಾಸ್ಕಿನಿಂದ ಬಿಳಿಯ ಪಿಂಗಾಣಿ ಕಪ್ಪಿಗೆ ಬಗ್ಗಿಸಿದರು. ಬಹಳ ಹೊತ್ತು ಹಿಡಿಯಿತು, ಸಕ್ಕರೆ ಕಲಸುತ್ತಿದ್ದಾರೆ ಎಂದುಕೊಂಡಳು. ಅವಳು ಚಹಾ ಕುಡಿಯುವಾಗ ಅವರು ಸುದ್ದಿ ಓದುವವರ ಗಂಟಲಲ್ಲಿ ಅವಳ ಆಗಮನದ ಸುದ್ದಿ ಓದಿದರು, ಟೀವಿ ಬಿಸಿಯಾಗುವ ಮೊದಲು ಮಾಡುವ ಗೊರಗೊರ ಸದ್ದನ್ನು ಮೂಗಿನಲ್ಲಿ ಮಾಡಿದರು. ಇನ್ನೂ ಯಾರ್ಯಾರೋ ಬರುವವರಿದ್ದರು ಅವರ ಗಂಟಲಿಗೆ, ಅಷ್ಟರಲ್ಲಿ ಸ್ಟುಡಿಯೋ ಕಡೆಯಿಂದ ನಿರ್ದೇಶಕರ ಕೂಗು ಕೇಳಿತು, ರಟ್ಟು ಎಲ್ಲಿ ಎಂದು. ಅವರಿಗೆ ಗುಡುಗು ಸಾಹೇಬರು ಎಂದು ಹೆಸರು. ಯಾವ ಮಾತಿನ ಕೊನೆಗೂ ಅರ್ಥ ಆಯ್ತಾ ಎಂದು ಕೇಳಿ, ಎದುರಿನವರು ಬಾಯಿ ತೆರೆಯುವ ಮೊದಲು ತಾವೇ, ಆಗಿಲ್ಲ, ಎನ್ನುವವರು. ಓಡಮ್ಮ, ಅಂಚು ಹಿಡ್ಕೋ, ನಡುವೆ ಮುಟ್ಟಬೇಡ ಎಂದು ಮೇಷ್ಟ್ರು ರಟ್ಟನ್ನು ಅವಳ ಕೈಗಿತ್ತರು. ನಲವತ್ತು ಹೆಜ್ಜೆ. ಕ್ಯಾಮೆರಾದ ಮುಂದಿನ ಸ್ಟ್ಯಾಂಡಿಗೆ ಅದನ್ನು ನಿಲ್ಲಿಸಿ ಕೈ ತೆಗೆದಳು. ಹೆಬ್ಬೆರಳು ಬೆಳ್ಳಗಿತ್ತು. ಬೆರಳಿಂದ ಕಣ್ಣೆತ್ತಿ ಉಂಗುರ ನೋಡಿದಳು. ಐದರ ಕಡೆ, ಅವಳು ಹಿಡಿದುಕೊಂಡಿದ್ದ ಕಡೆಯೇ, ಬಣ್ಣವಿರಲಿಲ್ಲ. ರಟ್ಟಿನ ಅಂಚಿಗೆ ಬಿಳಿಯ ಒಂದು ಕಲೆ. ಅದನ್ನು ಅಂಗಿಯ ತೋಳಿನಿಂದ ಉಜ್ಜಿದಳು. ಕಲೆ ಹೋಯಿತು, ಖಾಲಿ ಜಾಗ ಹೋಗುತ್ತದೆಯೇ? ಅಷ್ಟರಲ್ಲಿ ದೀಪಗಳು ಹತ್ತಿದವು.

ಯಾರ್ರೀ ಇದು, ಈ ತೂತು, ಅರ್ಥ ಆಯ್ತಾ, ಆಗಿಲ್ಲ ಎಂದು ಸಾಹೇಬರು ಗುಡುಗಿದಾಗ ಅವಳ ಬೆರಳು ಮುಷ್ಟಿಯೊಳಗೆ ಮಡಚಿಕೊಂಡಿತ್ತು. ಹಿಂದಿನಿಂದ ಬಂದ ಮೇಷ್ಟ್ರು ತೆರೆಯ ಮೇಲಿನ ಉಂಗುರ ನೋಡಿದರು. ಒಂದು ಗಳಿಗೆ ಅವರ ಮುಖದ ರಕ್ತ ಇಳಿದದ್ದನ್ನು ಅವಳು ಕಂಡಳು. ಆಮೇಲೆ ಅವರು ಮುಂದೆ ಬಂದರು. ನಾನೇ ಸಾರ್, ಎಂದರು. ತೂತಲ್ಲ, ಬಾಗಿಲು. ಸುತ್ತ ಗೋಡೆ ಕಟ್ಟಿ ಬಾಗಿಲೇ ಇಡದಿದ್ರೆ ನೋಡೋ ಜನ ಒಳಗೆ ಬರೋದು ಹ್ಯಾಗೆ? ಆರು ಹೊಡೆಯಲು ಅರ್ಧ ನಿಮಿಷವಿತ್ತು. ಸಾಹೇಬರು ಬಾಗಿಲಿಗೆ ಒಪ್ಪಿದರು. ಪ್ರಸಾರ ಮುಗಿದ ಮೇಲೆ ಒಪ್ಪಿದ್ದಕ್ಕೆ ಸಿಟ್ಟು ಬಂದು, ಕೇಳದೆ ಬಾಗಿಲು ಇಡೋಕೆ ಇದೇನು ನಿಮ್ಮ ಮಾವನ ಮನೆನಾ ಎಂದು ಎಲ್ಲರೆದುರು ಬೆವರಿಳಿಸಿದರು. ಐವತ್ತು ಹತ್ತಿರವಾದ ಮನುಷ್ಯ ತಲೆ ತಗ್ಗಿಸಿ ನಿಂತು ಬೈಗುಳ ತಿಂದದ್ದನ್ನು ಇಪ್ಪತ್ತೊಂದರ ಹುಡುಗಿ ಕಂಬದ ಮರೆಯಿಂದ ನೋಡಿದಳು. ಆಮೇಲೆ ನಲ್ಲಿಗೆ ಹೋಗಿ ಬೆರಳು ತಿಕ್ಕಿ ತಿಕ್ಕಿ ತೊಳೆದು ಬಂದಾಗ ಮೇಷ್ಟ್ರು ಬಾಗಿಲ ಬಳಿ ನಿಂತಿದ್ದರು. ಕಣ್ಣಂಚಿನಲ್ಲಿ ಏನೋ ತುಂಟತನ. ಕೈ ತೊಳ್ಕೊಂಡ್ಯಾ ಎಂದು ಕೇಳಿದರು. ಅವಳು ಗೊಳೋ ಎಂದು ಅತ್ತುಬಿಟ್ಟಳು. ಅವರು ಗಾಬರಿಯಾಗಿ, ಅಯ್ಯೋ ಬಿಡಮ್ಮ, ಬೈಗುಳ ನನಗೆ ತಾನೇ, ಆಗಿದ್ದು ಆಯ್ತು ಎಂದರು. ಅವರಿಗೆ ಗೊತ್ತು, ಗೊತ್ತಿದ್ದೂ ತನ್ನ ಮರ್ಯಾದೆ ಉಳಿಸಿದರು ಎಂದು ಅವಳಿಗೆ ಖಾತ್ರಿಯಾದದ್ದು ಆ ಕ್ಷಣದಲ್ಲಿ. ಅಕ್ಷರ ಬರೆಯುವ ಕೆಲಸಕ್ಕೆ ಸೇರಿದ ದಿನವೇ ಹೆಬ್ಬೆಟ್ಟಾದೆ ಎಂದು ತನ್ನ ಮೇಲೆ ತಾನೇ ಮಾಡಿಕೊಂಡ ಆ ಚಟಾಕಿಯನ್ನು ಅವಳು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಕಚೇರಿಯಲ್ಲಿ, ಹೊಸ ಲೋಗೋದ ಹೊಣೆ ಹೊತ್ತ ಬ್ರ್ಯಾಂಡ್ ಮೇಡಂ ಆಗಲೇ ಬಂದು ದೊಡ್ಡ ಸ್ಟುಡಿಯೋದಲ್ಲಿ ಕುರ್ಚಿ ಹಾಕಿಸುತ್ತಿದ್ದರು. ಮೂವತ್ತೈದರ ಚುರುಕು ಹೆಂಗಸು, ಮಾತಿಗೆ ಮೊದಲು ಅಕ್ಕ, ಮಾತಿನ ಕೊನೆಗೂ ಅಕ್ಕ. ಗೋಡೆಯ ಮೇಲೆ ಉಂಗುರದ ವಂಶವೃಕ್ಷವನ್ನೇ ನಿಲ್ಲಿಸಿದ್ದರು. ಮೊದಲು ಕಪ್ಪು ರಟ್ಟು, ಫ್ಯಾನಿನ ಗಾಳಿಗೆ ನಡುಗುತ್ತಿದ್ದದ್ದು. ಆಮೇಲೆ ಮರದ ಉಂಗುರ, ಮೋಟಾರಿನ ಮೇಲೆ ತಿರುಗುತ್ತಿದ್ದದ್ದು. ಬಡಗಿ, ಬಾಯಿ ಮುಚ್ಚಿಬಿಡೋಣ, ಇಲ್ಲಾಂದ್ರೆ ಸೀಳುತ್ತೆ ಎಂದಿದ್ದ, ಅವಳು ಹಿಂದಿನಿಂದ ತಂತಿ ಕಟ್ಟಿ ಉಳಿಸಿಕೊಂಡಿದ್ದಳು. ಆಮೇಲೆ ಕಂಪ್ಯೂಟರಿನ ಮೊದಲ ಉಂಗುರ, ಮೆಟ್ಟಿಲು ಮೆಟ್ಟಿಲಾಗಿ ಇದ್ದದ್ದು. ಅದರಲ್ಲಿ ಬಾಗಿಲಿಗೆ ಸಿಕ್ಕಿದ್ದು ಬರೀ ಮೂರು ಚೌಕ. ಆಮೇಲೆ ಚಿನ್ನದ್ದು, ಆಮೇಲೆ ಗಾಜಿನದ್ದು, ಆಮೇಲೆ ಎಲ್ಲ ಒಡವೆ ಕಳಚಿಟ್ಟ ಚಪ್ಪಟೆಯದ್ದು. ಚಪ್ಪಟೆಯದಕ್ಕೆ ಹೊರಗಿನ ಕಂಪನಿಯೊಂದು ಅರವತ್ತನಾಲ್ಕು ಪುಟದ ಕೈಪಿಡಿ ಬರೆದಿತ್ತು. ಅದರಲ್ಲಿ ಹನ್ನೊಂದು ಪುಟ ಬಾಗಿಲಿನ ತತ್ತ್ವ. ಮುಕ್ತತೆ, ಆಹ್ವಾನ, ಅಪೂರ್ಣತೆಯ ಸೌಂದರ್ಯ. ಓದುವಾಗಲೆಲ್ಲ ಅವಳಿಗೆ ತನ್ನ ಬೆರಳಿನ ಬಗ್ಗೆ ಯಾರೋ ಪಿಎಚ್‌ಡಿ ಮಾಡಿದ ಹಾಗೆ ಮೈ ಬೆವರುತ್ತಿತ್ತು. ಪ್ರತಿ ಸಲ ಗುರುತು ಬದಲಾದಾಗಲೂ ಯಾರಾದರೊಬ್ಬರು ಆ ಜಾಗ ಮುಚ್ಚಲು ಬಂದಿದ್ದರು, ಪ್ರತಿ ಸಲವೂ ಅವಳು ಅಡ್ಡ ನಿಂತಿದ್ದಳು. ಕಲೆಗಾಗಿ ಎಂದು ಜನ ತಿಳಿದರು, ಹಟಮಾರಿ ಎಂದೂ ತಿಳಿದರು. ಅವಳು ನಿಂತದ್ದು ಒಬ್ಬ ಮನುಷ್ಯ ತನಗಾಗಿ ತಲೆ ತಗ್ಗಿಸಿದ ಜಾಗವನ್ನು ಯಾರೂ ಸಾರಿಸಿಬಿಡಬಾರದು ಎಂದು.

ಬ್ರ್ಯಾಂಡ್ ಮೇಡಂ ಕಂಪ್ಯೂಟರಿನಲ್ಲಿ ಹೊಸ ಉಂಗುರ ತೋರಿಸಿದರು, ಎರಡು ಫೈಲು. ಒಂದು ಬಾಗಿಲಿದ್ದದ್ದು, ಒಂದು ಪೂರ್ತಿ ಮುಚ್ಚಿದ್ದು. ಫೋನಿನ ಪುಟ್ಟ ಪರದೆಯಲ್ಲಿ ಆ ಗ್ಯಾಪು ಕಾಣೋದೇ ಇಲ್ಲ ಅಕ್ಕ, ಎಂದರು. ಏನೋ ಕೊಳೆ ಕೂತಿದೆ ಅಂತ ಜನ ಬೆರಳಲ್ಲಿ ಉಜ್ತಾರೆ. ಅದರ ಹಿಂದೆ ಮೇಷ್ಟ್ರ ಯೋಚನೆ ಇದೆ, ಅರ್ಥ ಇದೆ ಅನ್ನೋ ಒಂದೇ ಕಾರಣಕ್ಕೆ ಬೋರ್ಡ್ ಮೀಟಿಂಗಲ್ಲಿ ಜಗಳ ಆಡಿ ಉಳಿಸಿದ್ದೀನಿ. ಸುಮ್ನೆ ಆಗಿದ್ದಾಗಿದ್ರೆ ಮುಚ್ಚಿಬಿಡ್ತಿದ್ದೆ. ಹೇಳಿ ನಕ್ಕರು, ಅಕ್ಕ ಎಂದು ಸೇರಿಸಿದರು. ಅವಳೂ ನಕ್ಕಳು. ಹಾಗಾದರೆ ಇವತ್ತು ನಾನು ನಿಜ ಹೇಳಿದರೆ ಬಾಗಿಲು ಮುಚ್ಚಿತು. ಹೇಳದಿದ್ದರೆ ಬಾಯಿ ಮುಚ್ಚಿತು. ಎರಡರಲ್ಲಿ ಒಂದು ಮುಚ್ಚಲೇಬೇಕು. ಬೇಸಿನ್ನಿನ ಮುಂದೆ ನಿಂತು ನಾಲ್ಕನೆಯ ಸಲ ಕೈ ತೊಳೆದಳು.

ಮೇಷ್ಟ್ರನ್ನು ಕೆಲಸದಿಂದ ಕಳಿಸಿದ್ದರಲ್ಲೂ ಅವಳ ಕೈಯಿತ್ತು. ಒಂಬತ್ತನೆಯ ವರ್ಷ ಕಂಪ್ಯೂಟರು ಬಂದಾಗ ಮೇಲಿನವರೊಬ್ಬರು ಅವಳನ್ನು ಕರೆದು, ಕೈಯಲ್ಲಿ ಬರೆಯುವ ಕೆಲಸ ಇನ್ನು ಬೇಕಾಗುತ್ತಾ ಎಂದು ಕೇಳಿದ್ದರು. ಬೇಕಾಗಲ್ಲ ಸಾರ್ ಎಂದಿದ್ದಳು. ಅದು ನಿಜವೇ ಆಗಿತ್ತು. ನಿಜ ಹೇಳಲು ಬಾಯಿ ಬಂದದ್ದು ಆವಾಗ ನೋಡಿ. ಮುಂದಿನ ವಾರ ಮೇಷ್ಟ್ರ ಮೇಜು ಓಣಿಗೆ ಬಂತು. ಹೋಗುವ ದಿನ ಅವರು ಕಚೇರಿಯ ಒಬ್ಬೊಬ್ಬರ ಗಂಟಲನ್ನೂ ಆಡಿ ತೋರಿಸಿ ಎಲ್ಲರನ್ನೂ ನಗಿಸಿ, ಅವಳ ಹತ್ತಿರ ಬಂದಾಗ ಮಾತ್ರ ತಮ್ಮದೇ ಗಂಟಲಲ್ಲಿ, ಬಾಗಿಲು ನೋಡ್ಕೋಮ್ಮ, ಎಂದರು. ಅಷ್ಟೇ. ಮನೆ ಬಿಟ್ಟು ಹೊರಡುವವರು ಹೇಳುವ ಹಾಗೆ. ಅವತ್ತಿನಿಂದ ಅವಳು ಗುರುತು ಬದಲಾದಾಗಲೆಲ್ಲ ಒಂದು ಪ್ರತಿಯನ್ನು ಅವರಿಗೆ ಅಂಚೆಯಲ್ಲಿ ಕಳಿಸಿದ್ದಳು. ಅವರು ಪ್ರತಿ ಸಲವೂ ದುಂಡಗಿನ ಬೋರ್ಡು ಅಕ್ಷರದಲ್ಲಿ ಒಂದೇ ಸಾಲು ಬರೆಯುತ್ತಿದ್ದರು. ತೆರೆಯಲ್ಲಿ ತೆರೆದಿದೆ, ಸಂತೋಷ. ಇನ್ನೊಮ್ಮೆ, ಗುರುತು ಸಿಕ್ಕಿತು, ಗುರುವೂ ಗುರುತು ಸಿಕ್ಕರೆ ಬಾ. ಹೋಗಲಿಲ್ಲ. ಎರಡು ಬಸ್ಸು ಬದಲಿಸಿದರೆ ಅವರ ಮನೆ. ಎರಡು ಬಸ್ಸು ಬದಲಿಸುವುದು ಸುಲಭ, ಅವರ ಎದುರು ಕೂತು ಕೈಯನ್ನು ಎಲ್ಲಿಟ್ಟುಕೊಳ್ಳುವುದು?

ಹನ್ನೊಂದೂವರೆ ದಾಟಿದ ಮೇಲೆ ಅವರು ಬಂದರು. ಅರ್ಧಕ್ಕರ್ಧ ಚಿಕ್ಕವರಾಗಿದ್ದರು, ಅಂಗಿ ಮಾತ್ರ ಹಿಂದಿನ ಅಳತೆಯದ್ದೇ. ಜೇಬಿನಲ್ಲಿ ಒಂದು ಪುಟ್ಟ ಡಬ್ಬಿ ಉಬ್ಬಿಕೊಂಡಿತ್ತು, ಮಾತ್ರೆಯದಿರಬೇಕು ಎಂದುಕೊಂಡಳು. ಅವಳನ್ನು ಕಂಡು, ಏನಮ್ಮ ಮೂಲೆ, ನಿನ್ನ ಮೂಲ ಬಂದಿದೆ ನೋಡು ಎಂದರು. ಗಂಟಲು ಸೋತಿತ್ತು, ತುಂಟತನ ಸೋತಿರಲಿಲ್ಲ. ಅವಳು ಅವರ ಕೈ ಹಿಡಿದುಕೊಂಡಳು, ಬಿಟ್ಟಳು, ಮತ್ತೆ ಹಿಡಿದುಕೊಂಡಳು. ಮೇಷ್ಟ್ರೇ, ನಿಮ್ಮ ಹತ್ರ ಒಂದು ಮಾತು, ಎಂದಳು. ಅವರು, ನನಗೂ ಒಂದಿದೆ, ಆದರೆ ಮೊದಲು ಚಹಾ ಎಂದು, ಮೇಜಿನ ಮೇಲೆ ಸಾಲಾಗಿಟ್ಟಿದ್ದ ಕಪ್ಪುಗಳ ಕಡೆ ತಿರುಗಿದರು. ನೀವು ಕೂತ್ಕೊಳ್ಳಿ, ನಾನು ತರ್ತೀನಿ ಎಂದು ಅವಳೆಂದರೂ ಕೇಳಲಿಲ್ಲ. ಅವಳಿಗೆ ಬೆನ್ನು ಹಾಕಿ, ಬಹಳ ಹೊತ್ತು ಏನೋ ಮಾಡಿದರು. ಸಕ್ಕರೆ ಕಲಸುತ್ತಿದ್ದಾರೆ ಎಂದುಕೊಂಡಳು. ಈ ವಯಸ್ಸಿನಲ್ಲಿ ಈ ಮನುಷ್ಯ ನನಗೆ ಚಹಾ ತಂದುಕೊಡುತ್ತಿದ್ದಾರಲ್ಲ ಎಂದು ಕಣ್ಣು ತುಂಬಿ, ಕಪ್ಪಿನ ಬಣ್ಣವೂ ಕಾಣದೆ, ಹಿಡಿ ಹಿಡಿದು ಗಟಗಟ ಕುಡಿದಳು. ಅಷ್ಟರಲ್ಲಿ ಅವಳ ಹೆಸರು ಕರೆದರು.

ಮೈಕಿನ ಮುಂದೆ ನಿಂತಾಗ ಹನ್ನೆರಡಕ್ಕೆ ಎಂಟು ನಿಮಿಷವಿತ್ತು. ಪಕ್ಕದಲ್ಲಿ ಬ್ರ್ಯಾಂಡ್ ಮೇಡಂ, ಅವರ ಮುಂದೆ ಎರಡು ಫೈಲು, ಅವಳ ಮುಂದೆ ಒಂದು ಕೆಂಪು ಬಟನ್ನು. ಬರೆದು ತಂದಿದ್ದ ಕಾಗದವನ್ನು ಅವಳು ಮಡಚಿದಳು. ಬಾಗಿಲಿನ ತಾಯಿ ಎಂದು ತನ್ನನ್ನು ಈಗಷ್ಟೇ ಹೊಗಳಿದ್ದಾರೆ, ಆದರೆ ಅದು ಹೆತ್ತದ್ದಲ್ಲ, ಒರೆಸಿದ್ದು ಎಂದಳು. ಕೆಲವರು ನಕ್ಕರು, ಚಟಾಕಿ ಎಂದುಕೊಂಡರು. ಅವಳು ನಗಲಿಲ್ಲ. ಮೊದಲ ದಿನದ್ದೆಲ್ಲ ಹೇಳಿದಳು, ನಲವತ್ತು ಹೆಜ್ಜೆಯದ್ದು, ಹಸಿ ಬಣ್ಣದ್ದು, ಕಂಬದ ಮರೆಯಲ್ಲಿ ನಿಂತದ್ದು. ತನಗೆ ಬರಬೇಕಾದ ಬೈಗುಳವನ್ನು ಮೇಷ್ಟ್ರು ತಿಂದರೆಂದೂ, ಮೂವತ್ತಾರು ವರ್ಷ ತಿಂದ ಅನ್ನ ಆ ಬೈಗುಳದ್ದೇ ಎಂದೂ, ಅರವತ್ತನಾಲ್ಕು ಪುಟದ ತತ್ತ್ವಕ್ಕೆ ಮೂಲ ಒಬ್ಬ ಹೆದರಿದ ಹುಡುಗಿಯ ಹೆಬ್ಬೆರಳು ಎಂದೂ ಹೇಳಿದಳು. ಹೇಳುತ್ತ ಹೇಳುತ್ತ ಬ್ರ್ಯಾಂಡ್ ಮೇಡಂನ ಕೈ ನಿಧಾನವಾಗಿ ಎರಡನೆಯ ಫೈಲಿನ ಕಡೆ ಸರಿದದ್ದು ಓರೆಗಣ್ಣಿಗೆ ಕಂಡಿತು. ಸರಿಯಲಿ. ಎದೆ ಹಗುರಾಗಿತ್ತು, ಮುಚ್ಚಿದರೂ ಸರಿ, ತೆರೆದದ್ದು ತೆರೆದಾಯಿತು. ಮೇಷ್ಟ್ರೇ, ನಿಮ್ಮ ಋಣ ದೊಡ್ಡದು, ಎಂದಳು. ಅವತ್ತು ನನ್ನನ್ನ ಕಾಪಾಡಿದಿರಿ. ಆ ಉಂಗುರ ಅಳಿಸಿದ್ದು ಈ ಬೆರಳು. ಎಂದು ಬಲಗೈ ಎತ್ತಿ ಎಲ್ಲರಿಗೂ ತೋರಿಸಿದಳು.

ಹೆಬ್ಬೆರಳು ಬೆಳ್ಳಗಿತ್ತು.

ಅವಳು ಕೈಯನ್ನು ಹತ್ತಿರ ತಂದು ನೋಡಿದಳು. ಬೆಳಗಿನಿಂದ ನಾಲ್ಕು ಸಲ ತೊಳೆದ ಬೆರಳು. ಹಸಿ ಬಿಳಿ ಬಣ್ಣ. ತಲೆ ಕೆಟ್ಟಿತೇ ಎಂದು ಒಂದು ಕ್ಷಣ ಅನ್ನಿಸಿತು. ಮೊದಲ ಸಾಲಿನಿಂದ, ಸತ್ತು ಹನ್ನೆರಡು ವರ್ಷವಾದ ಗುಡುಗು ಸಾಹೇಬರ ಗಂಟಲು ಕೇಳಿತು: ಯಾರ್ರೀ ಇದು, ಬಿಳೀ ಹೆಬ್ಬೆಟ್ಟು. ಅರ್ಥ ಆಯ್ತಾ? ಆಗಿಲ್ಲ.

ಹಳಬರು ನಾಲ್ಕು ಮಂದಿ ಕೂತಲ್ಲೇ ನೆಟ್ಟಗಾದರು. ಮೇಷ್ಟ್ರು ಎದ್ದು ನಿಂತಿದ್ದರು, ಕೈಯಲ್ಲಿ ಆ ಪುಟ್ಟ ಡಬ್ಬಿ, ಅದರೊಳಗೆ ಬಿಳಿ ಬಣ್ಣ. ಆದರೆ ಅವರ ಮುಖದಲ್ಲಿ ನಗು ಅರ್ಧಕ್ಕೇ ನಿಂತುಬಿಟ್ಟಿತ್ತು. ಇರಮ್ಮ, ಎಂದರು, ಈಗ ತಮ್ಮ ಗಂಟಲಲ್ಲಿ. ಕಪ್ಪಿನ ಹಿಡಿಗೆ ಬಣ್ಣ ಹಚ್ಚಿ ಕೊಡೋದು ನಾನು ಹೊಸಬರಿಗೆಲ್ಲ ಮಾಡ್ತಿದ್ದ ತಮಾಷೆ. ಬಿಳೀ ಕಪ್ಪು, ಬಿಳೀ ಬಣ್ಣ, ಗೊತ್ತಾಗ್ತಿರಲಿಲ್ಲ. ಅವತ್ತು ನಿನಗೂ ಮಾಡಿದ್ದೆ. ಸಂಜೆ ಕೈ ತೊಳ್ಕೊಂಡ್ಯಾ ಅಂತ ಕೇಳಿ ನಗೋಣ ಅಂತಿದ್ದೆ, ನೀನು ಅಳೋಕೆ ಶುರು ಮಾಡಿದೆ. ನಾನು ಬೈಸಿಕೊಂಡದ್ದಕ್ಕೆ ಅಳ್ತಿದ್ದೀಯ ಅಂದ್ಕೊಂಡು ನಾನೂ ಬಿಟ್ಟೆ.

ಹಾಗಾದ್ರೆ ಉಂಗುರ, ಎಂದಳು ಅವಳು. ಮೈಕಿನಲ್ಲಿ ಆ ಎರಡು ಪದ ಇಡೀ ಸ್ಟುಡಿಯೋ ಸುತ್ತಿ ಬಂತು.

ಉಂಗುರ ನಾನು ಮುಗಿಸಿರಲೇ ಇಲ್ಲ. ಮುಗಿಸೋಕೆ ಒಂದು ಹೆಬ್ಬೆರಳು ಬಾಕಿ ಇತ್ತು, ಅಷ್ಟರಲ್ಲಿ ನೀನು ಬಂದೆ. ಹೊಸ ಹುಡುಗಿ ಸಿಕ್ಕಿದಳಲ್ಲ ಅನ್ನೋ ಹುಮ್ಮಸ್ಸಲ್ಲಿ ಕುಂಚ ಕೆಳಗಿಟ್ಟು ಕಪ್ಪಿಗೆ ಬಣ್ಣ ಹಚ್ಚೋಕೆ ಹೋದೆ. ಉಂಗುರಕ್ಕೆ ಹೋಗಬೇಕಾದ ಬಣ್ಣ ಕಪ್ಪಿಗೆ ಹೋಯ್ತು. ತೆರೆ ಮೇಲೆ ನೋಡಿದಾಗಲೇ ಗೊತ್ತಾಗಿದ್ದು. ಬಾಗಿಲು ಅಂತ ಒಂದು ಸುಳ್ಳು ಬಿಟ್ಟೆ, ನನ್ನ ತಲೆ ಉಳಿಸ್ಕೊಳ್ಳೋಕೆ. ನಿನ್ನ ತಲೆ ನನಗೆ ನೆನಪೇ ಇರಲಿಲ್ಲ ತಾಯಿ. ಅವರು ಡಬ್ಬಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. ಇಷ್ಟು ವರ್ಷ ನಾನು ಏನಂದ್ಕೊಂಡಿದ್ದೆ ಗೊತ್ತಾ? ಈ ಹುಡುಗಿಗೆ ನಾನು ಬಿಟ್ಟದ್ದು ಗೊತ್ತಿದೆ, ಗೊತ್ತಿದ್ದೂ ಬಡಗಿ ಹತ್ರ, ಕಂಪ್ಯೂಟರ್ ಹತ್ರ, ಸಾಹೇಬರ ಹತ್ರ ಜಗಳ ಆಡಿ ನನ್ನ ತಪ್ಪನ್ನ ಕಾಪಾಡ್ತಿದ್ದಾಳೆ ಅಂತ. ಅದಕ್ಕೆ ಕೈ ಮುಗಿಯೋಣ ಅಂತಲೇ ಇವತ್ತು ಬಂದಿದ್ದು. ಬಂದೋನು ಸುಮ್ನೆ ಇರದೆ ಹಳೇ ಚಾಳಿ.

ಅವಳು ಬೆರಳನ್ನೇ ನೋಡುತ್ತಿದ್ದಳು. ಕಂಬದ ಮರೆಯ ಹುಡುಗಿ, ಅಜ್ಜಿಯ ಒದ್ದೆ ಬಟ್ಟೆ, ತಂತಿ ಕಟ್ಟಿದ ಮರದುಂಗುರ, ಮೂರು ಚೌಕದ ಬಾಗಿಲು, ದಿಂಬಿನ ಕೆಳಗಿನ ಮೂವತ್ತೊಂದು ವರ್ಷ, ಹೋಗದ ಎರಡು ಬಸ್ಸು, ಇಷ್ಟಕ್ಕೂ ಕಾರಣ ಒಂದು ಕಪ್ಪಿನ ಹಿಡಿ. ತನ್ನ ತಪ್ಪನ್ನು ಅವರು ಹೊತ್ತರೆಂದು ಅವಳು, ತಮ್ಮ ತಪ್ಪನ್ನು ಅವಳು ಹೊತ್ತಳೆಂದು ಅವರು; ಇಬ್ಬರೂ ಸೇರಿ ಹೊತ್ತದ್ದು ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಎರಡು ಸಂಸಾರ ಬದುಕಿದವು. ಕೋಪ ಬರಬೇಕಿತ್ತು. ಎಲ್ಲಿಂದ ಬರಬೇಕು, ಜಾಗವೆಲ್ಲ ತುಂಬಿಹೋಗಿತ್ತು.

ಅಕ್ಕ, ಹನ್ನೆರಡಾಯ್ತು, ಯಾವುದು ಎಂದು ಬ್ರ್ಯಾಂಡ್ ಮೇಡಂ ಪಿಸುಗುಟ್ಟಿದರು. ಅವರ ಕೈ ಈಗ ಎರಡೂ ಫೈಲಿನ ಮೇಲಿರಲಿಲ್ಲ, ಬಾಯಿಯ ಮೇಲಿತ್ತು; ನಗು ತಡೆದು ಕಣ್ಣಲ್ಲಿ ನೀರು. ಅರ್ಥ ಇದ್ರೆ ಉಳಿಸ್ತೀನಿ ಅಂದಿದ್ರಲ್ಲ, ಎಂದಳು ಮೂಲೆ ಅಕ್ಕ. ಸಾಹೇಬರ ಧ್ವನಿಯಲ್ಲಿ ಮೇಷ್ಟ್ರು ನಿಂತಲ್ಲಿಂದಲೇ, ಅರ್ಥ ಆಯ್ತಾ ಎಂದರು. 'ಆಯ್ತು' ಎಂದು ಬ್ರ್ಯಾಂಡ್ ಮೇಡಂ ಮೊದಲ ಫೈಲು ಒತ್ತಿದರು. ಅವಳು ಬೆಳ್ಳನೆಯ ಹೆಬ್ಬೆರಳನ್ನು ಕೆಂಪು ಬಟನ್ನಿನ ಮೇಲಿಟ್ಟಳು.

ಹೊಸ ಉಂಗುರ ಬಲಮೂಲೆಗೆ ಬಂದು ಕೂತಿತು, ಐದರ ಕಡೆ ಬಾಗಿಲು ತೆರೆದುಕೊಂಡು. ಅದರ ಜೊತೆಗೆ ಎರಡು ಸೆಕೆಂಡಿನ ಘಂಟಾನಾದ ಬರಬೇಕೆಂದು ಆರು ತಿಂಗಳು ಕೂತು ಆರಿಸಿದ್ದರು. ಆದರೆ ಮೈಕು ತೆರೆದೇ ಇತ್ತು. ಮೊದಲು ಹಳಬರು ನಕ್ಕರು, ಆಮೇಲೆ ಇಡೀ ಸ್ಟುಡಿಯೋ, ಆಮೇಲೆ ತಪ್ಪಿತಸ್ಥರಂತೆ ಮೆಲ್ಲಗೆ ಮೇಷ್ಟ್ರು. ಬೆಳಿಗ್ಗೆ ಗಂಟಲಲ್ಲಿ ಕೂತಿದ್ದ ನಗು ಅವಳಿಗೆ ಆಗ ಬಂತು, ಮೂವತ್ತಾರು ವರ್ಷ ತಡವಾಗಿ ಬಂದದ್ದಾದ್ದರಿಂದ ಸದ್ದೂ ಅಷ್ಟೇ ದೊಡ್ಡದಾಗಿ. ಮೇಜು ಹಿಡಿದು, ಬಗ್ಗಿ, ಮೂಗಿನಲ್ಲಿ ಗೊರಗೊರ ಸದ್ದು ಬರುವ ಹಾಗೆ ನಕ್ಕಳು. ಗಂಟೆಯ ನಾದ ಎಲ್ಲೋ ಅಡಿಯಲ್ಲಿ ಮುಳುಗಿಹೋಯಿತು. ಕ್ಷೌರದಂಗಡಿಯಲ್ಲಿ ಕತ್ತರಿ ನಿಂತಿತು. ಮನೆಯಲ್ಲಿ ಕರಡು ತಿದ್ದುವವರು ಕನ್ನಡಕ ಹಣೆಗೇರಿಸಿ ತೆರೆಗೆ ಮೂಗು ತಾಗಿಸಿದರು. ಉಂಗುರದ ಬಾಗಿಲಿನಿಂದ ಹೊರಗೆ ಬರುತ್ತಿದ್ದ ಆ ನಗು ಯಾರದೆಂದು ಅವರಿಗೆ ಒಂದೇ ಕ್ಷಣಕ್ಕೆ ಗುರುತು ಸಿಕ್ಕಿತು.